ಕಾಳೂ ಜೊಳ್ಳೂ ಕೂಡಿದ ಕ್ಯಾಸೆಟ್: ಬ್ಲ್ಯಾಕ್ ಮೆಟಲ್ ಸಂಕಲನಗಳ ಕಥೆ

ಮುಂಬಯಿ: ಫೋರ್ಟ್ ಪರಿಸರದ ಬ್ಯಾಂಕು, ವಿಮಾ ಕಚೇರಿ, ಹೋಟೆಲುಗಳಲ್ಲಿ ದುಡಿದ ತುಳು-ಕನ್ನಡಿಗರಿಗೆ ಕಾಲಾ ಘೋಡಾದ ರಿದಮ್ ಹೌಸ್ ಅಪರಿಚಿತವಲ್ಲ. 1948ರಲ್ಲಿ ಆರಂಭವಾದ ಈ ಸಂಗೀತದ ಅಂಗಡಿ ಗ್ರಾಮಫೋನ್ ತಟ್ಟೆ, ಕ್ಯಾಸೆಟ್, ಸಿ.ಡಿ. ಎಂಬ ಮೂರು ಕಾಲವನ್ನೂ ಕಂಡು 2016ರ ಫೆಬ್ರವರಿ ಕೊನೆಯಲ್ಲಿ ಬಾಗಿಲು ಹಾಕಿತು. ಸಂಬಳದ ದಿನ ಭೀಮಸೇನ ಜೋಶಿಯವರ ಕ್ಯಾಸೆಟ್ ಕೇಳಿಕೊಂಡು ಬಂದ ಹಿರಿಯರ ಪಕ್ಕದಲ್ಲೇ ಕರಿ ಟೀ ಶರ್ಟು ತೊಟ್ಟ ಕಾಲೇಜು ಹುಡುಗರು ಹೆವಿ ಮೆಟಲ್ ಕಪಾಟಿನ ಮುಂದೆ ಬಹಳ ಹೊತ್ತು ನಿಂತಿರುತ್ತಿದ್ದರು. ಕೊಳ್ಳುವುದು ಒಂದು, ನೋಡುವುದು ಇಪ್ಪತ್ತು. ಹಿರಿಯರು ಅವರನ್ನು ಕಂಡು ತಲೆಯಾಡಿಸುತ್ತಿದ್ದರು. ತಮ್ಮ ಮನೆಯ ಹುಡುಗನೂ ಆ ಗುಂಪಿನಲ್ಲಿ ಇರಬಹುದೆಂಬ ಸಂಶಯ ಬಂದದ್ದು ಕೆಲವರಿಗೆ ಮಾತ್ರ.

ಆ ಜಾತಿಯ ಸಂಗೀತದಲ್ಲೇ ಅತ್ಯಂತ ಕಠಿಣವಾದುದು ಬ್ಲ್ಯಾಕ್ ಮೆಟಲ್. ಇದರ ಹೆಚ್ಚಿನ ಸರಕು ಅಂಗಡಿಯ ಕಪಾಟಿಗೆ ಬರುತ್ತಲೇ ಇರಲಿಲ್ಲ. ಪರದೇಶದಿಂದ ಯಾರೋ ತಂದ ಒಂದು ಕ್ಯಾಸೆಟ್, ಅಂಚೆಯಲ್ಲಿ ಬಂದ ಇನ್ನೊಂದು, ಅವುಗಳಿಂದ ಎರಡು ಕ್ಯಾಸೆಟ್ ಹಾಕುವ ಟೇಪ್‌ರೆಕಾರ್ಡರಿನಲ್ಲಿ ಕಾಪಿ ಹೊಡೆದುಕೊಂಡ ಹತ್ತು. ಇದಕ್ಕೆ ಅಂಡರ್‌ಗ್ರೌಂಡ್ ಸಂಗೀತ ಎಂದು ಹೆಸರು. ಕನ್ನಡದಲ್ಲಿ ‘ಭೂಗತ’ ಎಂದು ಬರೆದರೆ ಮುಂಬಯಿಯ ಓದುಗರಿಗೆ ಸುಪಾರಿ, ಹಫ್ತಾ, ಎನ್‌ಕೌಂಟರ್ ನೆನಪಾದೀತು. ಇಲ್ಲಿ ಅದರ ಅರ್ಥ ಇಷ್ಟೇ: ದೊಡ್ಡ ಕಂಪೆನಿಯ ಹಣವಿಲ್ಲ, ರೇಡಿಯೋದಲ್ಲಿ ಜಾಗವಿಲ್ಲ, ಜಾಹೀರಾತಿಲ್ಲ. ಹಾಡು ಕೈಯಿಂದ ಕೈಗೆ ದಾಟಬೇಕು, ಅಷ್ಟೆ.

ಬ್ಲ್ಯಾಕ್ ಮೆಟಲ್ ಎಂಬ ಹೆಸರು ಬಂದದ್ದು ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವೆನಮ್ ತಂಡ 1982ರಲ್ಲಿ ಹೊರತಂದ ಅದೇ ಹೆಸರಿನ ಆಲ್ಬಮಿನಿಂದ. ವೇಗವಾಗಿ ಬಾರಿಸುವ ಡ್ರಮ್, ಜೇನುನೊಣದ ಗೂಡಿನಂತೆ ಗುಂಯ್‌ಗುಡುವ ಗಿಟಾರ್, ಹಾಡು ಎನ್ನುವುದಕ್ಕಿಂತ ಕಿರುಚಾಟ ಎನ್ನಬಹುದಾದ ಕಂಠ ಇದರ ಲಕ್ಷಣ. ನಾರ್ವೆಯ ತಂಡಗಳು ಮುಖಕ್ಕೆ ಬಿಳಿ ಬಣ್ಣ ಬಳಿದು, ಕಣ್ಣಿನ ಸುತ್ತ ಕಪ್ಪು ಹಚ್ಚಿ ವೇದಿಕೆಗೆ ಬಂದವು. ಆ ಫೋಟೋ ನೋಡಿ ಬೆಚ್ಚಿಬೀಳುವ ನಮ್ಮವರು ಒಂದು ಮಾತು ಮರೆಯುತ್ತಾರೆ. ತೆಂಕುತಿಟ್ಟಿನ ಚೌಕಿಯಲ್ಲಿ ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಕೂತು ಚುಟ್ಟಿ ಇಡಿಸಿಕೊಂಡ ಬಣ್ಣದ ವೇಷ ನಡುರಾತ್ರಿ ಚೆಂಡೆಯ ಅಬ್ಬರಕ್ಕೆ ಆರ್ಭಟಿಸುತ್ತ ಬಂದಾಗ ಅಜ್ಜಿಯ ಸೆರಗಿನ ಹಿಂದೆ ಅಡಗಿದವರೇ ನಾವು. ಭಯ ಹುಟ್ಟಿಸುವುದೂ ಒಂದು ಕಲೆ ಎಂಬುದು ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಚೆನ್ನಾಗಿ ಬಂತೇ ಇಲ್ಲವೇ ಎಂಬುದನ್ನು ಮಾತ್ರ ಪ್ರತಿ ಸಲ ನೋಡಬೇಕಾಗುತ್ತದೆ. ಬಣ್ಣ ದಪ್ಪವಿದ್ದು ಹೆಜ್ಜೆ ತಪ್ಪುವ ವೇಷಧಾರಿಗಳನ್ನೂ ನಾವು ಕಂಡಿದ್ದೇವಲ್ಲ!

ಈ ಸಂಗೀತ ಹೊಸಬರ ಕಿವಿಗೆ ಬೀಳುವ ಮುಖ್ಯ ದಾರಿ ಬಹುಕಾಲ ಸಂಕಲನ ಆಲ್ಬಮ್ ಆಗಿತ್ತು. ಒಂದೇ ಕ್ಯಾಸೆಟ್ಟಿನಲ್ಲೋ ತಟ್ಟೆಯಲ್ಲೋ ಹತ್ತು ಹನ್ನೆರಡು ತಂಡಗಳು, ತಂಡಕ್ಕೆ ಒಂದೋ ಎರಡೋ ಹಾಡು. ಸಂಘದ ವಾರ್ಷಿಕೋತ್ಸವದ ವಿವಿಧ ವಿನೋದಾವಳಿ ಇದ್ದ ಹಾಗೆ. ಒಬ್ಬಳ ಭರತನಾಟ್ಯ ನೋಡಿ ಸಭೆ ಮೌನವಾಗುತ್ತದೆ, ಅದರ ಬೆನ್ನಿಗೇ ಬರುವ ಪ್ರಹಸನಕ್ಕೆ ಜನ ಬಟಾಟೆವಡೆ ಹುಡುಕಿಕೊಂಡು ಹೊರಗೆ ಹೋಗುತ್ತಾರೆ. ಅಂಡರ್‌ಗ್ರೌಂಡ್ ಸಂಕಲನಗಳ ಬಗ್ಗೆ ಅಭಿಮಾನಿಗಳೇ ಹೇಳುವ ಮಾತು ಒಂದೇ: ಗುಣಮಟ್ಟ ಏರುಪೇರು. ಎರಡು ಹಾಡು ಅದ್ಭುತ, ನಾಲ್ಕು ಪರವಾಗಿಲ್ಲ, ಉಳಿದವು ಯಾಕೆ ಸೇರಿದವೋ ದೇವರೇ ಬಲ್ಲ. ಈ ಏರುಪೇರು ಹೇಗೆ ಹುಟ್ಟುತ್ತದೆ, ಅದರಿಂದ ಆದ ಲಾಭವೇನು ಎಂದು ನೋಡುವುದಕ್ಕೆ ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ ಸ್ವೀಡನ್ನಿನದು.

1984ರಲ್ಲಿ ಸ್ಟಾಕ್‌ಹೋಮಿನ ಟೈಫೂನ್ ಎಂಬ ಕಂಪೆನಿ ‘ಸ್ಕ್ಯಾಂಡಿನೇವಿಯನ್ ಮೆಟಲ್ ಅಟ್ಯಾಕ್’ ಎಂಬ ಸಂಕಲನ ಹೊರತಂದಿತು. ಓಝ್, ಜೀರೋ ನೈನ್, ಟ್ರ್ಯಾಶ್, ಸ್ಪಿಟ್‌ಫೈರ್ ಎಂಬ ಸ್ವೀಡನ್, ಫಿನ್ಲೆಂಡಿನ ತಂಡಗಳು ಅದರಲ್ಲಿದ್ದವು. ಕೊನೆಗಳಿಗೆಯಲ್ಲಿ ಒಂದು ತಂಡ ಹಿಂದೆ ಸರಿಯಿತು. ತಟ್ಟೆಯಲ್ಲಿ ಜಾಗ ಖಾಲಿ. ಆಗ ಅದೇ ಕಂಪೆನಿಯಲ್ಲಿ ಅರೆಕಾಲಿಕ ಕೆಲಸ ಮಾಡುತ್ತಿದ್ದ, ಮುಂದೆ ಕ್ವಾರ್ಥನ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಹದಿಹರೆಯದ ಹುಡುಗ ತನ್ನ ಬ್ಯಾಥೊರಿ ತಂಡವನ್ನು ಮುಂದೊಡ್ಡಿದ. 1983ರಲ್ಲಿ ಹುಟ್ಟಿದ ತಂಡ ಅದು, ಹೆಸರು ಕೇಳಿದವರೇ ಇರಲಿಲ್ಲ. ಕಚೇರಿಯ ಹುಡುಗನಿಗೆ ಅವಕಾಶ ಸಿಕ್ಕಿದ್ದನ್ನು ನಮ್ಮ ಕಡೆಯಾಗಿದ್ದರೆ ‘ವಶೀಲಿ’ ಎನ್ನುತ್ತಿದ್ದರೇನೋ.

ಬ್ಯಾಥೊರಿಯ ಎರಡು ಹಾಡು ಆ ತಟ್ಟೆಯಲ್ಲಿವೆ. ಇವತ್ತು ಕೇಳಿದರೂ ವ್ಯತ್ಯಾಸ ಥಟ್ಟನೆ ತಿಳಿಯುತ್ತದೆ. ಉಳಿದ ತಂಡಗಳದ್ದು ಅಂದಿನ ಮಾದರಿಯ ಹೆವಿ ಮೆಟಲ್: ನುಡಿಸಾಣಿಕೆ ಚೊಕ್ಕ, ಕಂಠ ಎತ್ತರ, ಧ್ವನಿಮುದ್ರಣ ಸ್ವಚ್ಛ, ಕೇಳಿ ಮುಗಿದ ಮೇಲೆ ನೆನಪಿನಲ್ಲಿ ಉಳಿಯುವುದು ಅಲ್ಪ. ಬ್ಯಾಥೊರಿಯದ್ದು ಒರಟು. ಡ್ರಮ್ ಓಡುತ್ತದೆ, ಗಿಟಾರ್ ಮಸುಕು, ಕಂಠ ಗಂಟಲು ಕೆಟ್ಟವನದ್ದು. ಅಂಕ ಕೊಡುವ ತೀರ್ಪುಗಾರರು ಕುಳಿತಿದ್ದರೆ ಕೊನೆಯ ಸ್ಥಾನವೇ ಗತಿ. ಆದರೆ ಕಂಪೆನಿಗೆ ಬಂದ ಅಭಿಮಾನಿಗಳ ಪತ್ರಗಳಲ್ಲಿ ಹೆಚ್ಚಿನವು ವಿಚಾರಿಸಿದ್ದು ಈ ಒಂದು ತಂಡವನ್ನೇ. ಪೂರ್ತಿ ಆಲ್ಬಮ್ ಮಾಡಿಕೊಡು ಎಂದು ಕಂಪೆನಿ ಹುಡುಗನ ಬೆನ್ನು ಹತ್ತಿತು. ಗ್ಯಾರೇಜನ್ನೇ ಸ್ಟುಡಿಯೋ ಮಾಡಿಕೊಂಡ ಜಾಗದಲ್ಲಿ ತಯಾರಾದ ಬ್ಯಾಥೊರಿಯ ಮೊದಲ ಆಲ್ಬಮ್ ಅದೇ 1984ರ ಕೊನೆಯೊಳಗೆ ಹೊರಬಂತು. ನಾರ್ವೆಯ ಮುಂದಿನ ಪೀಳಿಗೆಯ ತಂಡಗಳು ತಮ್ಮ ಗುರುವೆಂದು ಎಣಿಸಿದ್ದು ಅವನನ್ನು. 2004ರಲ್ಲಿ 38ನೇ ವಯಸ್ಸಿನಲ್ಲಿ ಆತ ತೀರಿಕೊಂಡ. ಒಂದು ತಂಡ ಕೈಕೊಟ್ಟದ್ದರಿಂದ ತುಂಬಿದ ಜಾಗ ಒಂದು ಸಂಗೀತ ಪ್ರಕಾರದ ದಾರಿಯನ್ನೇ ತಿರುಗಿಸಿತು.

ಅದೇ ವರ್ಷ ಜರ್ಮನಿಯ ನಾಯ್ಸ್ ಕಂಪೆನಿಯೂ ಒಂದು ಸಂಕಲನ ತಂದಿತ್ತು. ಅದರಲ್ಲಿ ಸ್ವಿಟ್ಜರ್ಲೆಂಡಿನ ಹೆಲ್‌ಹ್ಯಾಮರ್ ಇತ್ತು, ಜರ್ಮನಿಯ ಹೆಲೊವೀನ್ ಇತ್ತು. ಮೊದಲನೆಯದು ನುಡಿಸಲು ಬಾರದ ತಂಡವೆಂದು ಬೈಸಿಕೊಂಡದ್ದು, ಎರಡನೆಯದು ಮಧುರ ಕಂಠ, ಚುರುಕು ಬೆರಳುಗಳಿಂದ ಮುಂದೆ ಜಗತ್ತು ಸುತ್ತಿದ್ದು. ಒಂದೇ ತಟ್ಟೆಯಲ್ಲಿ ಎರಡೂ. ಕೇಳುಗನಿಗೆ ಯಾವುದು ಕಾಳು, ಯಾವುದು ಜೊಳ್ಳು ಎಂದು ಆ ವರ್ಷ ಯಾರು ಹೇಳಬಲ್ಲವರಾಗಿದ್ದರು? ಹೆಲ್‌ಹ್ಯಾಮರ್ ಒಡೆದು ಸೆಲ್ಟಿಕ್ ಫ್ರಾಸ್ಟ್ ಆಯಿತು. ಅದರ ಹೆಸರನ್ನೂ ಇಂದು ಗೌರವದಿಂದಲೇ ಹೇಳುತ್ತಾರೆ.

ಹಾಗೆಂದು ಕೆಟ್ಟದ್ದೆಲ್ಲ ಮುಂದೆ ಒಳ್ಳೆಯದಾಗುತ್ತದೆ ಎಂಬ ಲೆಕ್ಕ ಸಲ್ಲದು. ಬ್ಲ್ಯಾಕ್ ಮೆಟಲ್‌ನಲ್ಲಿ ಒಂದು ಅನುಕೂಲದ ನೆಪ ಇದೆ. ಇಲ್ಲಿ ಒರಟು ಧ್ವನಿಮುದ್ರಣವೇ ಒಂದು ಶೈಲಿ. ನಾರ್ವೆಯ ಡಾರ್ಕ್‌ಥ್ರೋನ್ ತಂಡ 1994ರ ‘ಟ್ರಾನ್ಸಿಲ್ವೇನಿಯನ್ ಹಂಗರ್’ ಆಲ್ಬಮನ್ನು ಮನೆಯಲ್ಲೇ ನಾಲ್ಕು ಟ್ರ್ಯಾಕಿನ ಯಂತ್ರದಲ್ಲಿ ಮುದ್ರಿಸಿತು. ಅದೇ ವರ್ಷ ಹೊರಬಂದ ಎಂಪರರ್ ತಂಡದ ಮೊದಲ ಆಲ್ಬಮ್ ಬರ್ಗೆನ್ ನಗರದ ಗ್ರೀಗ್ ಸಭಾಂಗಣದಲ್ಲಿ ಕೀಬೋರ್ಡ್, ಗಿಟಾರುಗಳ ಪದರ ಪದರವಾಗಿ ತಯಾರಾಗಿತ್ತು. ಎರಡೂ ಶ್ರೇಷ್ಠವೆಂದು ಮನ್ನಣೆ ಪಡೆದಿವೆ. ಡಾರ್ಕ್‌ಥ್ರೋನ್‌ನ ಹೆಸರು ಹೇಳಿಕೊಂಡು, ಅಭ್ಯಾಸವಿಲ್ಲದ ಹತ್ತಾರು ತಂಡಗಳು ‘ನಮ್ಮದೂ ಒರಟು ಶೈಲಿಯೇ’ ಎಂದು ಸಂಕಲನಗಳಲ್ಲಿ ನುಗ್ಗಿದವು. ಎರಡನ್ನು ಬೇರ್ಪಡಿಸುವುದು ಕಷ್ಟವೇನಲ್ಲ. ಮಸುಕಿನ ಹಿಂದೆ ಡ್ರಮ್ಮಿನ ಲಯ ಗಟ್ಟಿಯಾಗಿ ನಿಂತಿದೆಯೇ ನೋಡಬೇಕು. ಹಾಡು ಮುಗಿದ ಮೇಲೆ ಗಿಟಾರಿನ ಒಂದು ಎಳೆಯನ್ನಾದರೂ ಗುನುಗಲು ಆಗುತ್ತದೆಯೇ ನೋಡಬೇಕು. ಕಿರುಚುವವನು ತಾಳ ಬಿಟ್ಟು ಓಡುತ್ತಿದ್ದಾನೋ, ತಾಳದ ಮೇಲೆ ಕೂತು ಕಿರುಚುತ್ತಿದ್ದಾನೋ ಗಮನಿಸಬೇಕು. ಭಾಗವತರ ಧ್ವನಿ ಒಡೆದಿದ್ದರೂ ಪದ ನಿಲ್ಲುತ್ತದಲ್ಲ, ಹಾಗೆ. ಹಳೆಯ ಯಕ್ಷಗಾನ ಕ್ಯಾಸೆಟ್ಟುಗಳನ್ನು ಕರಕರ ಸದ್ದಿನ ನಡುವೆಯೂ ಕೇಳಿ ಬೆಳೆದ ಕಿವಿಗಳಿಗೆ ಈ ಪರೀಕ್ಷೆ ಸುಲಭ.

ಏರುಪೇರಿಗೆ ಬೇರೆ ಕಾರಣಗಳೂ ಇವೆ, ಬಹುಪಾಲು ಹಣಕಾಸಿನವು. ಅಂಡರ್‌ಗ್ರೌಂಡ್ ಸಂಕಲನ ತರುವವನ ಬಳಿ ಬಂಡವಾಳವಿಲ್ಲ. ಆದ್ದರಿಂದ ಕೆಲವರು ಸೇರುವ ತಂಡಗಳಿಂದಲೇ ವಂತಿಗೆ ಪಡೆಯುತ್ತಾರೆ, ಇಲ್ಲವೇ ಇಷ್ಟು ಪ್ರತಿ ನೀವೇ ಕೊಳ್ಳಬೇಕು ಎಂಬ ಕರಾರು ಹಾಕುತ್ತಾರೆ. ಅಲ್ಲಿಗೆ ಆಯ್ಕೆ ಸಡಿಲವಾಯಿತು. ಹಣ ಕೊಟ್ಟವನ ಹಾಡನ್ನು ತಿರಸ್ಕರಿಸುವುದು ಹೇಗೆ? ಸ್ಮರಣ ಸಂಚಿಕೆ ತಂದ ಅನುಭವವಿರುವ ಸಂಘದ ಪದಾಧಿಕಾರಿಗಳಿಗೆ ಈ ಸಂಕಟ ವಿವರಿಸಬೇಕಾಗಿಲ್ಲ. ಪೂರ್ಣ ಪುಟದ ಜಾಹೀರಾತು ಕೊಟ್ಟವರ ಕವನ ಯಾವ ಪುಟದಲ್ಲಿ ಬರುತ್ತದೆಂದು ಎಲ್ಲರಿಗೂ ಗೊತ್ತು.

ಇನ್ನೊಂದು ತಾಂತ್ರಿಕ ತೊಡಕು. ಒಂದು ತಂಡ ಸ್ಟುಡಿಯೋದಲ್ಲಿ ಮುದ್ರಿಸಿದ್ದು, ಇನ್ನೊಂದು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ಮತ್ತೊಂದು ಡ್ರಮ್ ಬಾರಿಸುವವನೇ ಸಿಗದೆ ಯಂತ್ರದ ತಾಳ ಇಟ್ಟುಕೊಂಡದ್ದು. ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವ ಕೆಲಸಕ್ಕೆ ಮಾಸ್ಟರಿಂಗ್ ಎನ್ನುತ್ತಾರೆ. ಅದಕ್ಕೆ ಹಣ ಬೇಕು, ತಿಳಿದ ಕಿವಿ ಬೇಕು. ಅದಾಗದಿದ್ದರೆ ಕೇಳುಗ ಪ್ರತಿ ಹಾಡಿಗೂ ಎದ್ದು ವಾಲ್ಯೂಮ್ ತಿರುಗಿಸಬೇಕು. ಇದರ ಮೇಲೆ ಕಾಪಿಯ ಕಾಪಿ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿದಂತೆಲ್ಲ ಹಿಸ್ಸೆನ್ನುವ ಸದ್ದು ಹೆಚ್ಚಿ ಗಿಟಾರಿನ ಅಂಚು ಸವೆಯುತ್ತದೆ. ನಾಲ್ಕನೇ ಕೈಗೆ ಬಂದ ಪ್ರತಿಯನ್ನು ಕೇಳಿ ಮೂಲ ತಂಡವನ್ನು ಬೈದವರೂ ಇದ್ದಾರೆ. ತಪ್ಪು ತಂಡದ್ದೋ ಟೇಪ್‌ರೆಕಾರ್ಡರಿನದ್ದೋ?

ಹೆತ್ತವರ ಭಯಕ್ಕೆ ಆಧಾರವೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. 1992ರ ಜೂನ್‌ನಲ್ಲಿ ಬರ್ಗೆನ್ ಬಳಿಯ ಫಾಂಟೋಫ್ಟ್ ಎಂಬಲ್ಲಿ 12ನೇ ಶತಮಾನದ ಮರದ ಚರ್ಚು ಬೆಂಕಿಗೆ ಆಹುತಿಯಾಯಿತು. ನಾರ್ವೆಯಲ್ಲಿ ಚರ್ಚುಗಳಿಗೆ ಬೆಂಕಿಯಿಟ್ಟ ಆ ಸರಣಿಯ ಹಿಂದೆ ಈ ಸಂಗೀತದ ಒಂದು ಗುಂಪಿನವರು ಇದ್ದರು. ಮೇಹೆಮ್ ತಂಡದ ಗಿಟಾರ್ ವಾದಕ, ಓಸ್ಲೋದಲ್ಲಿ ಈ ಸಂಗೀತದ ಅಂಗಡಿ ನಡೆಸುತ್ತಿದ್ದ ಯೂರೋನಿಮಸ್ ಎಂಬಾತನನ್ನು 1993ರ ಆಗಸ್ಟ್‌ನಲ್ಲಿ ಅದೇ ವಲಯದ ಇನ್ನೊಬ್ಬ ಸಂಗೀತಗಾರ ಇರಿದು ಕೊಂದ. ಕೊಲೆ ಮತ್ತು ಚರ್ಚುಗಳಿಗೆ ಬೆಂಕಿಯಿಟ್ಟ ಅಪರಾಧಕ್ಕಾಗಿ ಕೊಲೆಗಾರನಿಗೆ 1994ರಲ್ಲಿ 21 ವರ್ಷ ಸೆರೆವಾಸ ವಿಧಿಸಲಾಯಿತು. ಆ ಅಪರಾಧಗಳನ್ನು ಸಾಹಸವೆಂದು ಹೇಳಿಕೊಂಡು ತಿರುಗುವ ಅಭಿಮಾನಿಗಳು ಇಂದಿಗೂ ಇದ್ದಾರೆ, ಅವರ ಬಗ್ಗೆ ಮನೆಯಲ್ಲಿ ಮಾತಾಡಲೇಬೇಕು. ಮುಖಕ್ಕೆ ಬಣ್ಣ ಹಚ್ಚಿದವರೆಲ್ಲ ಬೆಂಕಿ ಹಚ್ಚಿದವರಲ್ಲ ಎಂಬುದನ್ನೂ ಅದೇ ಮಾತಿನಲ್ಲಿ ಸೇರಿಸಬೇಕು.

ಸತ್ತ ಯೂರೋನಿಮಸ್‌ನ ನೆನಪಿಗೆ ಅಮೆರಿಕದ ನೆಕ್ರೋಪೊಲಿಸ್ ಕಂಪೆನಿ 1995ರಲ್ಲಿ ‘ನಾರ್ಡಿಕ್ ಮೆಟಲ್’ ಎಂಬ ಸಂಕಲನ ತಂದಿತು. ಮೇಹೆಮ್, ಎಂಪರರ್, ಎನ್‌ಸ್ಲೇವ್ಡ್, ಡಿಸೆಕ್ಷನ್, ಮಾರ್ಡಕ್, ಥಾರ್ನ್ಸ್, ಮಿಸ್ಟಿಕಮ್ ಹೀಗೆ ನಾರ್ವೆ, ಸ್ವೀಡನ್ನಿನ ಘಟಾನುಘಟಿಗಳೇ ಅದರಲ್ಲಿದ್ದಾರೆ. ಇಷ್ಟು ದೊಡ್ಡ ಹೆಸರುಗಳಿದ್ದೂ ಅದು ಸಮತಟ್ಟಾದ ಆಲ್ಬಮ್ ಅಲ್ಲ. ಪೂರ್ಣಗೊಂಡ ಹಾಡಿನ ಪಕ್ಕದಲ್ಲೇ ಡೆಮೋ ಮಟ್ಟದ ಮುದ್ರಣ ಬರುತ್ತದೆ. ಹೆಸರು ದೊಡ್ಡದಾದ ಮಾತ್ರಕ್ಕೆ ಏರುಪೇರು ತಪ್ಪುವುದಿಲ್ಲ. ಶ್ರದ್ಧಾಂಜಲಿ ಸಂಚಿಕೆಗೆ ಪ್ರಸಿದ್ಧ ಸಾಹಿತಿಗಳು ಮೇಜಿನ ಖಾನೆಯಿಂದ ಹಳೆಯ ಲೇಖನ ತೆಗೆದುಕೊಡುವುದುಂಟಲ್ಲ!

ಇದೆಲ್ಲ ದೂರದ ಹಿಮದೇಶದ ಕಥೆ ಎನಿಸಿದರೆ, ಬ್ಲ್ಯಾಕ್ ಮೆಟಲ್ ಹುಟ್ಟುವುದಕ್ಕೂ ಮುನ್ನ ಮುಂಬಯಿಯಲ್ಲೇ ತಯಾರಾದ ಒಂದು ಏರುಪೇರಿನ ಸಂಕಲನವಿದೆ. ‘ಸಿಮ್ಲಾ’ ಸಿಗರೇಟಿನ ಪ್ರಚಾರಕ್ಕಾಗಿ ದೇಶದ ಯುವ ರಾಕ್ ತಂಡಗಳಿಗೆ ಸಿಮ್ಲಾ ಬೀಟ್ ಎಂಬ ಸ್ಪರ್ಧೆ ನಡೆಯುತ್ತಿತ್ತು. ಕಿಂಗ್ಸ್ ಸರ್ಕಲ್ ಬಳಿಯ ಷಣ್ಮುಖಾನಂದ ಸಭಾಗೃಹ ಅದರ ವೇದಿಕೆ. ಕರ್ನಾಟಕ ಸಂಗೀತ ಕೇಳಲು ಮಾಟುಂಗದ ನಮ್ಮವರು ಹೋಗುತ್ತಿದ್ದ ಅದೇ ಸಭಾಗೃಹ! ಸ್ಪರ್ಧೆಯ ತಂಡಗಳ ಹಾಡುಗಳು 1970 ಮತ್ತು 1971ರಲ್ಲಿ ಎರಡು ತಟ್ಟೆಗಳಾಗಿ ಬಂದವು. ಮದರಾಸಿನ ಕನ್‌ಫ್ಯೂಷನ್ಸ್, ಶಿಲ್ಲಾಂಗಿನ ಫೆಂಟೋನ್ಸ್, ಕಲ್ಕತ್ತೆಯ ಗ್ರೇಟ್ ಬೇರ್ ಮೊದಲಾದವು ಇದ್ದವು. ಕೆಲವು ಹಾಡುಗಳು ವಿದೇಶಿ ಹಾಡುಗಳ ನಕಲು, ಉಚ್ಚಾರವೂ ಎರವಲು. ಕೆಲವದರಲ್ಲಿ ಮಾತ್ರ ಗಿಟಾರ್ ತನ್ನದೇ ಮಾತಾಡುತ್ತದೆ. ಬಂದ ಕಾಲದಲ್ಲಿ ಇವು ಹೆಚ್ಚು ದೂರ ಹೋಗಲಿಲ್ಲ. ದಶಕಗಳ ಬಳಿಕ ಯುರೋಪಿನಲ್ಲಿ ಮರುಮುದ್ರಣವಾಗಿ, ಭಾರತದ ರಾಕ್ ಸಂಗೀತದ ಮೊದಲ ದಿನಗಳ ದಾಖಲೆಯೆಂದು ಸಂಗ್ರಾಹಕರು ಹುಡುಕಿಕೊಂಡು ಹೋಗುವಂತಾಯಿತು. ಚೆನ್ನಾಗಿದ್ದವರನ್ನಷ್ಟೇ ಆರಿಸಿದ್ದರೆ ತಟ್ಟೆ ಚೊಕ್ಕವಾಗುತ್ತಿತ್ತು, ಅರ್ಧಕ್ಕರ್ಧ ತಂಡಗಳ ಸದ್ದು ಮಾತ್ರ ಶಾಶ್ವತವಾಗಿ ಅಳಿದುಹೋಗುತ್ತಿತ್ತು.

ಆಮೇಲೆ ಮೆಟಲ್ ಬಂತು. ಫೋರ್ಟಿನಿಂದ ನಡೆದುಹೋಗುವಷ್ಟು ದೂರದ ಧೋಬಿತಲಾವ್‌ನ ರಂಗಭವನದಲ್ಲಿ 1986ರಿಂದ ಆರಂಭವಾದ ಇಂಡಿಪೆಂಡೆನ್ಸ್ ರಾಕ್ ಉತ್ಸವಕ್ಕೆ ಹುಡುಗರು ವಿರಾರ್, ಕಲ್ಯಾಣಗಳಿಂದ ಬರುತ್ತಿದ್ದರು. ಶಾಂತ ವಲಯದ ನಿಯಮ ಬಂದ ಮೇಲೆ ಆ ಬಯಲು ರಂಗಮಂದಿರದ ಸಂಗೀತ ನಿಂತಿತು. ಮುಂಬಯಿಯ ಡೆಮೋನಿಕ್ ರಿಸರೆಕ್ಷನ್ ತಂಡ 2000ದಲ್ಲಿ ಹುಟ್ಟಿತು. ಬ್ಲ್ಯಾಕ್ ಮೆಟಲ್‌ನ ಛಾಯೆಗೆ ಡೆತ್ ಮೆಟಲ್, ಕೀಬೋರ್ಡ್ ಬೆರೆಸಿದ ಈ ತಂಡದ ಸಾಹಿಲ್ ಮಖೀಜಾ ಬೇರೆಯವರಿಗಾಗಿ ಕಾಯದೆ ತನ್ನದೇ ಧ್ವನಿಮುದ್ರಣ ಸಂಸ್ಥೆ ಕಟ್ಟಿಕೊಂಡರು. 2010ರಲ್ಲಿ ಇಂಗ್ಲೆಂಡಿನ ಮೆಟಲ್ ಹ್ಯಾಮರ್ ಪತ್ರಿಕೆಯ ಜಾಗತಿಕ ಮೆಟಲ್ ಪ್ರಶಸ್ತಿ ಈ ತಂಡಕ್ಕೆ ಸಂದಿತು. ಬೆಂಗಳೂರಿನಲ್ಲಿ ಡೈಯಿಂಗ್ ಎಂಬ್ರೇಸ್ 1990ರ ದಶಕದಲ್ಲೇ ಕತ್ತಲ ಸಂಗೀತ ನುಡಿಸುತ್ತಿತ್ತು. 1998ರಲ್ಲಿ ಆರಂಭವಾದ ಬೆಂಗಳೂರಿನದೇ ಕ್ರಿಪ್ಟೋಸ್ 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದ ವೇದಿಕೆ ಏರಿತು. ಕ್ರಿಪ್ಟೋಸ್‌ನದು ಬ್ಲ್ಯಾಕ್ ಮೆಟಲ್ ಅಲ್ಲ, ಹಳೆಯ ಮಾದರಿಯ ಹೆವಿ ಮೆಟಲ್. ಹೊರಗಿನವರಿಗೆ ಎಲ್ಲವೂ ಒಂದೇ ಗದ್ದಲವೆನಿಸಬಹುದು, ಒಳಗಿನವರು ತೆಂಕು-ಬಡಗು ಎಂದು ಜಗಳಾಡುವವರಿಗಿಂತ ಕಮ್ಮಿಯಿಲ್ಲ. 1998ರಿಂದ 2013 ಎಂದರೆ 15 ವರ್ಷ. ಅಷ್ಟು ಕಾಲ ತಾಳಿಕೊಳ್ಳುವ ತಂಡಗಳು ಕೈಬೆರಳಿನಲ್ಲಿ ಎಣಿಸುವಷ್ಟು. ಉಳಿದವು ಕಾಲೇಜು ಮುಗಿದು ಕೆಲಸ ಸಿಕ್ಕಿದ ದಿನ ಒಡೆಯುತ್ತವೆ. ಅವುಗಳ ಗುರುತಾಗಿ ಉಳಿಯುವುದು ಯಾವುದೋ ಸಂಕಲನದ ಆರು ನಿಮಿಷ, ಅದೂ ಇದ್ದರೆ.

ಈಗ ಕ್ಯಾಸೆಟ್ ಇಲ್ಲ, ರಿದಮ್ ಹೌಸ್ ಇಲ್ಲ. ಜಗತ್ತಿನ ಎಲ್ಲ ಬ್ಲ್ಯಾಕ್ ಮೆಟಲ್ ಮೊಬೈಲಿನಲ್ಲೇ ಸಿಗುತ್ತದೆ. ಸಂಕಲನಗಳೂ ಬರುತ್ತಿವೆ, ಮೊದಲಿಗಿಂತ ಹೆಚ್ಚೇ, ಏಕೆಂದರೆ ತಟ್ಟೆ ಒತ್ತುವ ಖರ್ಚಿಲ್ಲ. ಖರ್ಚಿಲ್ಲವೆಂದ ಮೇಲೆ ಆಯ್ಕೆಯ ಜರಡಿ ಇನ್ನೂ ದೊಡ್ಡ ತೂತಿನದಾಯಿತು, ಮೂವತ್ತು ನಲವತ್ತು ತಂಡಗಳನ್ನು ಒಟ್ಟಿಗೆ ತುರುಕುವವರಿದ್ದಾರೆ. ಕೇಳುವ ರೀತಿಯೂ ಬದಲಾಗಿದೆ. ಕ್ಯಾಸೆಟ್ಟಿನಲ್ಲಿ ಹಾಡು ಹಾರಿಸುವುದು ತಾಪತ್ರಯದ ಕೆಲಸ. ಗುಂಡಿ ಒತ್ತಿ ಓಡಿಸಿದರೆ ಬೇಕಾದ ಜಾಗ ದಾಟಿಹೋಗುತ್ತಿತ್ತು, ಟೇಪು ಸಿಕ್ಕಿಹಾಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತಬೇಕು. ಆ ಸೋಮಾರಿತನದಿಂದಲೇ ಕೆಟ್ಟ ಹಾಡನ್ನೂ ಪೂರ್ತಿ ಕೇಳುತ್ತಿದ್ದರು. ಎರಡನೇ ಸಲ, ಐದನೇ ಸಲ ಕೇಳುವಾಗ ಕೆಟ್ಟದ್ದೆಂದು ಬದಿಗಿಟ್ಟ ಒಂದು ಹಾಡು ಇದ್ದಕ್ಕಿದ್ದಂತೆ ಹಿಡಿಸಿಬಿಡುವುದೂ ಇತ್ತು. ಬ್ಯಾಥೊರಿಯ ಎರಡು ಹಾಡು ಇವತ್ತು ಅಂಥ ನಲವತ್ತರ ಪಟ್ಟಿಯಲ್ಲಿ ಬಂದಿದ್ದರೆ ಹತ್ತು ಸೆಕೆಂಡು ಕೇಳಿ ಹೆಬ್ಬೆರಳು ಮುಂದಿನದಕ್ಕೆ ಸರಿಯುತ್ತಿತ್ತು. ಪತ್ರ ಬರೆದು ವಿಚಾರಿಸುವ ಮಾತು ದೂರವೇ ಉಳಿಯಿತು.

ಹುಡುಗರು ನುಡಿಸುವುದನ್ನು ಬಿಟ್ಟಿಲ್ಲ. ಉಪನಗರಗಳಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಅಭ್ಯಾಸದ ಕೋಣೆಗಳಿವೆ. ನಾಲ್ವರು ಹಣ ಕೂಡಿಸಿ ಎರಡು ಗಂಟೆ ಹಿಡಿಯುತ್ತಾರೆ, ಎರಡೇ ಹಾಡು ಮುದ್ರಿಸಿ ಯಾವುದಾದರೂ ಸಂಕಲನಕ್ಕೆ ಕಳಿಸುತ್ತಾರೆ. ಸೇರಿದರೆ ಮನೆಯಲ್ಲಿ ಹೇಳುವುದಿಲ್ಲ, ಹೇಳಿದರೂ ‘ಇದೆಂಥ ಬೊಬ್ಬೆ ಮಾರಾಯ’ ಎಂಬ ಮಾತು ಕಾದಿರುತ್ತದೆ. ಶನಿವಾರ ರಾತ್ರಿ ಸಿ.ಎಸ್.ಎಂ.ಟಿ.ಯಿಂದ ಹೊರಡುವ ಲೋಕಲ್ ಗಾಡಿಯ ಲಗೇಜು ಡಬ್ಬಿಯಲ್ಲಿ ಒಮ್ಮೊಮ್ಮೆ ಕರಿ ಚೀಲದ ಗಿಟಾರುಗಳು ಕಾಣಸಿಗುತ್ತವೆ. ಆಟ ಇದ್ದ ದಿನ ಅದೇ ಡಬ್ಬಿಯಲ್ಲಿ ಚೆಂಡೆ, ವೇಷದ ಪೆಟ್ಟಿಗೆಗಳೂ ಇರುತ್ತವೆ. ಒಂದಕ್ಕೊಂದು ತಾಗದಂತೆ ಇಬ್ಬರೂ ತಮ್ಮ ತಮ್ಮ ಸಾಮಾನು ಸರಿಸಿ ಜಾಗ ಮಾಡಿಕೊಳ್ಳುತ್ತಾರೆ.